ನ್ಯಾಷನಲ್ ಗಾರ್ಡ್ ಯಾರ ಮಾತು ಕೇಳಬೇಕು? ಅಮೆರಿಕದ ರಾಜ್ಯ ಸೇನೆಗಳ ಹುಟ್ಟು, ಕಾನೂನು, ಕೆಲಸ

1957ರ ಸೆಪ್ಟೆಂಬರ್ 4ರ ಬೆಳಿಗ್ಗೆ ಅಮೆರಿಕದ ಅರ್ಕಾನ್ಸಾ ರಾಜ್ಯದ ರಾಜಧಾನಿ ಲಿಟಲ್ ರಾಕ್‌ನಲ್ಲಿ, ಸೆಂಟ್ರಲ್ ಹೈಸ್ಕೂಲಿನ ಸುತ್ತ ಬಂದೂಕು ಹಿಡಿದ ಸೈನಿಕರು ನಿಂತಿದ್ದರು. ಬಿಳಿಯ ಮಕ್ಕಳು ಬಂದಾಗ ಸರಿದು ದಾರಿ ಕೊಟ್ಟರು. ಹದಿನೈದು ವರ್ಷದ ಕಪ್ಪುವರ್ಣೀಯ ಹುಡುಗಿ ಎಲಿಜಬೆತ್ ಎಕ್‌ಫರ್ಡ್ ಒಬ್ಬಳೇ ನಡೆದು ಬಂದಾಗ ಅಡ್ಡ ನಿಂತರು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿದ್ದರೂ ಅವರನ್ನು ಹಾಗೆ ನಿಲ್ಲಿಸಿದ್ದು ರಾಜ್ಯದ ಗವರ್ನರ್ ಆರ್ವಲ್ ಫಾಬಸ್. ಇಪ್ಪತ್ತು ದಿನ ಕಳೆದು, ಸೆಪ್ಟೆಂಬರ್ 24ರಂದು, ಅಧ್ಯಕ್ಷ ಐಸೆನ್‌ಹೋವರ್ ಒಂದು ಆದೇಶಕ್ಕೆ ಸಹಿ ಹಾಕಿದರು. ಅರ್ಕಾನ್ಸಾ ನ್ಯಾಷನಲ್ ಗಾರ್ಡಿನ ಸುಮಾರು 10,000 ಮಂದಿ ಗವರ್ನರ್ ಕೈಯಿಂದ ಅಧ್ಯಕ್ಷರ ಕೈಗೆ ಬಂದರು. ಜೊತೆಗೆ ಖಾಯಂ ಸೇನೆಯ 101ನೇ ಏರ್‌ಬೋರ್ನ್ ಡಿವಿಜನ್ನಿನ ಸೈನಿಕರೂ ಬಂದಿಳಿದರು. ಮರುದಿನ ಒಂಬತ್ತು ಕಪ್ಪುವರ್ಣೀಯ ಮಕ್ಕಳು ಶಾಲೆಯ ಒಳಗೆ ಹೋದರು. ಏರ್‌ಬೋರ್ನ್ ಪಡೆ ನವೆಂಬರ್ ಕೊನೆಯ ಹೊತ್ತಿಗೆ ವಾಪಸಾಯಿತು. ಆ ಶಾಲಾ ವರ್ಷ ಮುಗಿಯುವ ತನಕ ಮಕ್ಕಳ ಕಾವಲಿಗೆ ಉಳಿದದ್ದು ಮೊದಲು ಅಡ್ಡ ನಿಂತಿದ್ದ ಅದೇ ಅರ್ಕಾನ್ಸಾ ಗಾರ್ಡ್.

ಪಡೆ ಅದೇ, ಸಮವಸ್ತ್ರ ಅದೇ, ಬಂದೂಕು ಅದೇ. ಬದಲಾದದ್ದು ಹುಕುಂ ಯಾರದು ಎನ್ನುವುದು. ಅಮೆರಿಕದ ರಾಜ್ಯ ಸೇನೆಗಳು ಅರ್ಥವಾಗಬೇಕಾದರೆ ಹಿಡಿಯಬೇಕಾದ ಎಳೆ ಇದೇ: ಈ ಹೊತ್ತು ಆದೇಶ ಯಾರದು, ಸಂಬಳ ಯಾರದು, ಯಾವ ಕಾನೂನಿನ ಯಾವ ಕಲಮಿನ ಅಡಿ. ಸುದ್ದಿಯಲ್ಲಿ "ಬೀದಿಗೆ ಸೇನೆ ಇಳಿಸಿದರು" ಎಂದಷ್ಟೇ ಬಂದರೆ ಮುಖ್ಯವಾದ ಸಂಗತಿಯೇ ಬಿಟ್ಟುಹೋಗಿರುತ್ತದೆ.

ಮೊದಲು ಪದಗಳ ಗೊಂದಲ ಬಿಡಿಸಿಕೊಳ್ಳೋಣ. ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರಂಥವರಲ್ಲ. ಜನರೇ ನೇರವಾಗಿ ಆರಿಸುವ, ಅಧಿಕಾರ ನಡೆಸುವ ಮುಖ್ಯಸ್ಥ. ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಆದರೆ ನಮ್ಮ ಮುಖ್ಯಮಂತ್ರಿಗೆ ಇಲ್ಲದ ಒಂದು ಅಧಿಕಾರ ಅವರಿಗಿದೆ. ಭಾರತದ ಸಂವಿಧಾನದಲ್ಲಿ ಸಶಸ್ತ್ರ ಪಡೆಗಳು ಕೇಂದ್ರ ಪಟ್ಟಿಗೆ ಸೇರಿವೆ. ಕರ್ನಾಟಕ ಸರ್ಕಾರದ ಕೈಯಲ್ಲಿರುವುದು ಪೊಲೀಸ್, ಕೆಎಸ್‌ಆರ್‌ಪಿ, ಗೃಹರಕ್ಷಕ ದಳ ಇಂಥವು ಮಾತ್ರ. ಅಮೆರಿಕದಲ್ಲಿ ಟ್ಯಾಂಕು, ಹೆಲಿಕಾಪ್ಟರು, ಯುದ್ಧವಿಮಾನ ಇರುವ ಪಡೆಯೊಂದು ಸಾಮಾನ್ಯ ದಿನಗಳಲ್ಲಿ ಗವರ್ನರ್ ಮಾತು ಕೇಳುತ್ತದೆ. ಅದೇ ನ್ಯಾಷನಲ್ ಗಾರ್ಡ್. 50 ರಾಜ್ಯಗಳು, ವಾಷಿಂಗ್ಟನ್ ಡಿ.ಸಿ., ಪೋರ್ಟೊ ರಿಕೊ, ಗುವಾಮ್, ವರ್ಜಿನ್ ದ್ವೀಪಗಳು ಸೇರಿ 54 ಗಾರ್ಡುಗಳಿವೆ. ಭೂಸೇನೆಯ ಕಡೆ ಮೂರು ಲಕ್ಷಕ್ಕೂ ಹೆಚ್ಚು, ವಾಯುಸೇನೆಯ ಕಡೆ ಒಂದು ಲಕ್ಷದಷ್ಟು ಜನ.

ಇನ್ನೊಂದು ಪದ 'ಮಿಲಿಷಿಯಾ'. ಕಾಡಿನಲ್ಲಿ ಬಂದೂಕು ಹಿಡಿದು ಕವಾಯತು ಮಾಡುವ ಕೆಲವು ಖಾಸಗಿ ಗುಂಪುಗಳು ತಮ್ಮನ್ನು ಹೀಗೆ ಕರೆದುಕೊಳ್ಳುತ್ತವೆ. ಕಾನೂನಿನ ಕಣ್ಣಿನಲ್ಲಿ ಅವು ಮಿಲಿಷಿಯಾ ಅಲ್ಲ. ಸರ್ಕಾರದ ಒಪ್ಪಿಗೆ ಇಲ್ಲದ ಶಸ್ತ್ರಸಜ್ಜಿತ ತುಕಡಿಗಳನ್ನು ರಾಜ್ಯಗಳು ನಿಷೇಧಿಸಬಹುದೆಂದು ಸುಪ್ರೀಂ ಕೋರ್ಟ್ 1886ರ ಪ್ರೆಸ್ಸರ್ ಮೊಕದ್ದಮೆಯಲ್ಲೇ ಹೇಳಿದೆ. ಕಾನೂನಿನ ಮಿಲಿಷಿಯಾ ಬೇರೆಯೇ. ಫೆಡರಲ್ ಕಾನೂನು ಸಂಹಿತೆಯ 10ನೇ ಶೀರ್ಷಿಕೆಯ 246ನೇ ಕಲಮಿನ ಪ್ರಕಾರ 17 ತುಂಬಿದ, 45 ತುಂಬದ, ಮೈಕೈ ಗಟ್ಟಿ ಇರುವ ಪ್ರತಿ ಗಂಡಸು, ಅವನು ಪೌರನಾಗಿರಲಿ ಅಥವಾ ಪೌರನಾಗುವ ಉದ್ದೇಶವನ್ನು ಘೋಷಿಸಿರಲಿ, ಮಿಲಿಷಿಯಾಕ್ಕೆ ಸೇರಿದವನೇ. ಗಾರ್ಡಿನಲ್ಲಿರುವ ಹೆಣ್ಣುಮಕ್ಕಳೂ ಸೇರುತ್ತಾರೆ. ಗಾರ್ಡು ಸಂಘಟಿತ ಭಾಗ, ಉಳಿದವರೆಲ್ಲ ಅಸಂಘಟಿತ ಭಾಗ. ಅಂದರೆ ಅಮೆರಿಕದ ಪೌರತ್ವ ಪಡೆದು ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಬರೆಯುತ್ತಿರುವ ಮೂವತ್ತೈದರ ಕನ್ನಡಿಗನೂ, ತನಗೆ ಗೊತ್ತಿಲ್ಲದೆಯೇ, ಕಾನೂನಿನ ಪ್ರಕಾರ ಅಸಂಘಟಿತ ಮಿಲಿಷಿಯಾದವನು.

ಕೋವಿ ನಿನ್ನದೇ, ಮದ್ದೂ ನಿನ್ನದೇ

ಇದರ ಬೇರು ವಸಾಹತು ಕಾಲದ್ದು. 1636ರ ಡಿಸೆಂಬರ್ 13ರಂದು ಮ್ಯಾಸಚೂಸೆಟ್ಸ್ ಬೇ ವಸಾಹತಿನ ಸಭೆ ಊರೂರಿನ ತುಕಡಿಗಳನ್ನು ಉತ್ತರ, ದಕ್ಷಿಣ, ಪೂರ್ವ ಎಂಬ ಮೂರು ರೆಜಿಮೆಂಟುಗಳಾಗಿ ಜೋಡಿಸಿತು. ನ್ಯಾಷನಲ್ ಗಾರ್ಡ್ ಇಂದಿಗೂ ಆ ದಿನವನ್ನೇ ತನ್ನ ಹುಟ್ಟುಹಬ್ಬ ಎಂದು ಆಚರಿಸುತ್ತದೆ. ಇಂಗ್ಲೆಂಡಿನಿಂದ ಬಂದಿದ್ದ ಜನರಿಗೆ ಸಂಬಳದ ಖಾಯಂ ಸೈನ್ಯ ಎಂದರೆ ಭಯ: ರಾಜನ ಕೈಯಲ್ಲಿ ಅದು ಪ್ರಜೆಯ ಮೇಲೇ ತಿರುಗುತ್ತದೆ ಎನ್ನುವ ಅನುಭವ. ಆದ್ದರಿಂದ ರೈತ, ಕಮ್ಮಾರ, ಅಂಗಡಿಯವನೇ ಕರೆ ಬಂದಾಗ ಸೈನಿಕ. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್‌ನಲ್ಲಿ ಬ್ರಿಟಿಷರೆದುರು ನಿಂತದ್ದು ಇಂಥ ಜನವೇ.

ಸಂವಿಧಾನ ಬರೆಯುವಾಗ ಈ ಭಯವೂ ಅಗತ್ಯವೂ ಒಟ್ಟಿಗೆ ಕೂತವು. ಒಂದನೇ ವಿಧಿಯ ಎಂಟನೇ ಭಾಗ ಅಧಿಕಾರವನ್ನು ಹಂಚಿತು. ಮಿಲಿಷಿಯಾವನ್ನು ಕರೆಯುವ, ಸಂಘಟಿಸುವ, ಶಸ್ತ್ರ ಒದಗಿಸುವ ಅಧಿಕಾರ ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ. ಅಧಿಕಾರಿಗಳನ್ನು ನೇಮಿಸುವುದೂ ತರಬೇತಿ ಕೊಡುವುದೂ ರಾಜ್ಯಗಳಿಗೆ. ಕೇಂದ್ರ ಕರೆಯಬಹುದಾದ ಕಾರಣ ಮೂರೇ: ಒಕ್ಕೂಟದ ಕಾನೂನು ಜಾರಿ, ದಂಗೆ ಅಡಗಿಸುವುದು, ದಾಳಿ ಹಿಮ್ಮೆಟ್ಟಿಸುವುದು. ಮುಂದಿನ ಇನ್ನೂರು ವರ್ಷಗಳ ಜಗಳವೆಲ್ಲ ಈ ಹಂಚಿಕೆಯ ಸಂದಿಯಲ್ಲೇ ಹುಟ್ಟಿದ್ದು.

1792ರ ಮಿಲಿಷಿಯಾ ಕಾಯ್ದೆ 18ರಿಂದ 45ರೊಳಗಿನ ಪ್ರತಿ ಸ್ವತಂತ್ರ ಬಿಳಿಯ ಗಂಡಸಿಗೆ ಒಂದು ಪಟ್ಟಿ ಕೊಟ್ಟಿತು. ಆರು ತಿಂಗಳೊಳಗೆ ಸ್ವಂತ ಖರ್ಚಿನಲ್ಲಿ ಒಂದು ಮಸ್ಕೆಟ್ ಕೋವಿ, ಬಯೊನೆಟ್, ಎರಡು ಹೆಚ್ಚುವರಿ ಚಕಮಕಿ ಕಲ್ಲು, ಬೆನ್ನಚೀಲ, 24 ತೋಟಾ ಹಿಡಿಸುವ ಪೆಟ್ಟಿಗೆ ಹೊಂದಿಸಿಕೊಳ್ಳಬೇಕು. ರೈಫಲ್ ಇದ್ದವನಾದರೆ 20 ಗುಂಡು, ಕಾಲು ಪೌಂಡು ಮದ್ದು. ಪಟ್ಟಿ ಅಚ್ಚುಕಟ್ಟು. ಆದರೆ ಕೇಂದ್ರ ಒಂದು ಕಾಸೂ ಕೊಡಲಿಲ್ಲ, ತರದವನಿಗೆ ಕೇಂದ್ರದ ಶಿಕ್ಷೆಯೂ ಇರಲಿಲ್ಲ. ಕಾಯ್ದೆ ಸೋತದ್ದು ಇಲ್ಲೇ. ಕೋವಿ ಇಲ್ಲದೆ ಬಂದವರು, ಬೇರೆ ಬೇರೆ ಅಳತೆಯ ಗುಂಡು ತಂದವರು, ಬಾರದೇ ಉಳಿದವರು, ಎಲ್ಲರೂ ಸೇರಿ ಅದು ಹೆಸರಿಗಷ್ಟೇ ಸೇನೆಯಾಯಿತು.

1794ರಲ್ಲಿ ವಿಸ್ಕಿ ತೆರಿಗೆಯ ವಿರುದ್ಧದ ದಂಗೆಗೆ ಜಾರ್ಜ್ ವಾಷಿಂಗ್ಟನ್ ನಾಲ್ಕು ರಾಜ್ಯಗಳಿಂದ ಸುಮಾರು 13,000 ಮಿಲಿಷಿಯಾ ಕರೆದರು. ಹೆಚ್ಚು ರಕ್ತ ಹರಿಯದೆ ದಂಗೆ ಕರಗಿತು. ಬ್ರಿಟನ್ನಿನ ವಿರುದ್ಧದ 1812ರ ಯುದ್ಧದಲ್ಲಿ ಮಾತ್ರ ಬಣ್ಣ ಬಯಲಾಯಿತು. ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಗವರ್ನರುಗಳು ಜನ ಕೊಡಲು ಒಪ್ಪಲಿಲ್ಲ. ಕ್ವೀನ್ಸ್‌ಟನ್ ಹೈಟ್ಸ್ ಕದನದ ದಿನ ನ್ಯೂಯಾರ್ಕ್ ಮಿಲಿಷಿಯಾದ ಬಹಳ ಮಂದಿ ನಯಾಗರ ನದಿ ದಾಟಿ ಕೆನಡಾಕ್ಕೆ ಕಾಲಿಡಲು ನಿರಾಕರಿಸಿದರು. ನಮ್ಮನ್ನು ಪರದೇಶಕ್ಕೆ ಕಳಿಸುವಂತಿಲ್ಲ ಎನ್ನುವುದು ಅವರ ವಾದ, ಸಂವಿಧಾನದ ಆ ಮೂರು ಕಾರಣಗಳನ್ನು ನೋಡಿದರೆ ಸುಳ್ಳೆನ್ನುವ ಹಾಗೂ ಇರಲಿಲ್ಲ. 1814ರ ಆಗಸ್ಟ್ 24ರಂದು ಬ್ಲೇಡನ್ಸ್‌ಬರ್ಗ್‌ನಲ್ಲಿ ಮಿಲಿಷಿಯಾ ಚದುರಿ ಓಡಿತು. ಅಂದೇ ಸಂಜೆ ಬ್ರಿಟಿಷರು ವಾಷಿಂಗ್ಟನ್ನಿಗೆ ನುಗ್ಗಿ ಅಧ್ಯಕ್ಷರ ಮನೆಗೆ ಬೆಂಕಿ ಇಟ್ಟರು.

'ನ್ಯಾಷನಲ್ ಗಾರ್ಡ್' ಎಂಬ ಹೆಸರು ಬಂದದ್ದು 1824ರಲ್ಲಿ. ಫ್ರಾನ್ಸಿನ ಸೇನಾನಿ ಲಾಫಾಯೆತ್ ನ್ಯೂಯಾರ್ಕಿಗೆ ಬಂದಾಗ, ಅವರು ಹಿಂದೆ ಪ್ಯಾರಿಸ್ಸಿನಲ್ಲಿ ಮುನ್ನಡೆಸಿದ ಪಡೆಯ ನೆನಪಿಗೆ ಅಲ್ಲಿನ ಒಂದು ತುಕಡಿ ಆ ಹೆಸರು ಇಟ್ಟುಕೊಂಡಿತು. ಅಂತರ್ಯುದ್ಧ ಶುರುವಾದಾಗ, 1861ರ ಏಪ್ರಿಲ್ 15ರಂದು, ಲಿಂಕನ್ 75,000 ಮಿಲಿಷಿಯಾ ಕರೆದರು, ಅದೂ ಮೂರೇ ತಿಂಗಳಿಗೆ. ಹಳೆಯ ಕಾಯ್ದೆ ಅದಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳಲು ಬಿಡುತ್ತಿರಲಿಲ್ಲ.

ಇಂದಿನ ರೂಪ ಕೊಟ್ಟದ್ದು 1903ರ ಕಾಯ್ದೆ. ಒಹಾಯೊದ ಚಾರ್ಲ್ಸ್ ಡಿಕ್, ಸ್ವತಃ ಗಾರ್ಡಿನ ಅಧಿಕಾರಿ, ಅದನ್ನು ಮುಂದಿಟ್ಟವರು. ಕೇಂದ್ರ ದುಡ್ಡು, ಆಯುಧ ಕೊಡುತ್ತದೆ. ಬದಲಿಗೆ ರಾಜ್ಯದ ತುಕಡಿಗಳು ವರ್ಷಕ್ಕೆ 24 ಡ್ರಿಲ್, 5 ದಿನದ ಶಿಬಿರ ನಡೆಸಿ, ಖಾಯಂ ಸೇನೆಯ ಅಳತೆಗೆ ಬರಬೇಕು. 1916ರ ಕಾಯ್ದೆ ಅದನ್ನು 48 ಡ್ರಿಲ್, 15 ದಿನಕ್ಕೆ ಏರಿಸಿತು. ಆ ಲೆಕ್ಕ ಇಂದಿಗೂ ಜೀವಂತ. ಒಂದು ಡ್ರಿಲ್ ಎಂದರೆ ಕನಿಷ್ಠ ನಾಲ್ಕು ಗಂಟೆ. ಶನಿವಾರ ಎರಡು, ಭಾನುವಾರ ಎರಡು. ತಿಂಗಳಿಗೊಂದು ವಾರಾಂತ್ಯದಂತೆ ವರ್ಷಕ್ಕೆ 48. ಪ್ರತಿ ಡ್ರಿಲ್ಲಿಗೆ ತಿಂಗಳ ಮೂಲ ವೇತನದ ಮೂವತ್ತನೇ ಒಂದು ಭಾಗ. ಹಾಗಾಗಿ ಎರಡು ದಿನದ ವಾರಾಂತ್ಯಕ್ಕೆ ನಾಲ್ಕು ದಿನದ ಸಂಬಳ.

ಒಂದು ತೊಡಕು ಉಳಿದಿತ್ತು. ಪರದೇಶಕ್ಕೆ ಕಳಿಸಲು ಸಂವಿಧಾನದ ಆ ಮೂರು ಕಾರಣಗಳು ಅಡ್ಡಿ. ಮೊದಲ ಮಹಾಯುದ್ಧದಲ್ಲಿ ಗಾರ್ಡಿನವರನ್ನು ಒಬ್ಬೊಬ್ಬರಾಗಿ ಕೇಂದ್ರ ಸೇನೆಗೆ ಸೇರಿಸಿಕೊಂಡು ಆ ಅಡ್ಡಿ ದಾಟಿದರು. ಆದರೆ ಯುದ್ಧ ಮುಗಿದು ಬಿಡುಗಡೆಯಾದವರು ಗಾರ್ಡಿಗೆ ಮರಳದೆ ನೇರ ನಾಗರಿಕರಾಗಿ ಮನೆಗೆ ಹೋದರು. ರಾಜ್ಯಗಳು ತಮ್ಮ ಪಡೆಯನ್ನು ತಳದಿಂದ ಕಟ್ಟಬೇಕಾಯಿತು. ಇದಕ್ಕೆ 1933ರಲ್ಲಿ ಸಿಕ್ಕ ಉಪಾಯ ಜೋಡಿ ಸೇರ್ಪಡೆ. ಗಾರ್ಡಿಗೆ ಸೇರುವವನು ಅದೇ ಕ್ಷಣದಲ್ಲಿ ಎರಡು ಸಂಸ್ಥೆಗೆ ಸೇರುತ್ತಾನೆ: ತನ್ನ ರಾಜ್ಯದ ನ್ಯಾಷನಲ್ ಗಾರ್ಡಿಗೆ, ಮತ್ತು ಕೇಂದ್ರ ಸೇನೆಯ ಮೀಸಲು ಭಾಗವಾದ 'ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯಾಷನಲ್ ಗಾರ್ಡಿ'ಗೆ. ಕೇಂದ್ರ ಕರೆದಾಗ ಮೊದಲನೇ ಟೋಪಿ ಬದಿಗಿಟ್ಟು ಎರಡನೆಯದು ಹಾಕುತ್ತಾನೆ. ಬಿಡುಗಡೆಯಾದಾಗ ತಾನಾಗಿಯೇ ಮೊದಲನೆಯದಕ್ಕೆ ಮರಳುತ್ತಾನೆ. 1980ರ ದಶಕದಲ್ಲಿ ಕೆಲವು ಗವರ್ನರುಗಳು ತಮ್ಮ ಜನರನ್ನು ತರಬೇತಿಗೆಂದು ಮಧ್ಯ ಅಮೆರಿಕಕ್ಕೆ ಕಳಿಸಲು ಒಪ್ಪದಿದ್ದಾಗ, ಕಾಂಗ್ರೆಸ್ 1986ರಲ್ಲಿ ಆ ತಡೆಯ ಅಧಿಕಾರವನ್ನು ಮೊಟಕುಗೊಳಿಸಿತು. ಮಿನೆಸೋಟಾ ಗವರ್ನರ್ ರೂಡಿ ಪರ್ಪಿಚ್ ಕೋರ್ಟಿಗೆ ಹೋದರು; 1990ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಈ ಜೋಡಿ ಸೇರ್ಪಡೆಯನ್ನೇ ಆಧಾರವಾಗಿಟ್ಟು ಕೇಂದ್ರದ ಪರ ತೀರ್ಪಿತ್ತಿತು.

ಮೂರು ಬಗೆಯ ಕರ್ತವ್ಯ

ಗಾರ್ಡಿನವನ ಕೈಗೆ ಬರುವ ಆದೇಶ ಪತ್ರದಲ್ಲಿ ಕಾನೂನಿನ ಕಲಮು ನಮೂದಾಗಿರುತ್ತದೆ. ಅವನ ಸಂಬಳ, ವೈದ್ಯಕೀಯ ಸೌಲಭ್ಯ, ಪಿಂಚಣಿ, ಯಾರನ್ನಾದರೂ ಬಂಧಿಸಬಹುದೇ ಇಲ್ಲವೇ, ಎಲ್ಲವೂ ಆ ಒಂದು ಸಾಲಿನ ಮೇಲೆ ನಿಂತಿದೆ.

ಮೊದಲನೆಯದು ರಾಜ್ಯ ಕರ್ತವ್ಯ. ಪ್ರವಾಹ, ಕಾಳ್ಗಿಚ್ಚು, ಹಿಮಪಾತ ಬಂದಾಗ ಗವರ್ನರ್ ರಾಜ್ಯದ ಕಾನೂನಿನ ಅಡಿ ಕರೆಯುತ್ತಾರೆ. ಸಂಬಳ ರಾಜ್ಯದ ಖಜಾನೆಯಿಂದ, ದರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಗಾಯವಾದರೆ ಸಾಮಾನ್ಯವಾಗಿ ರಾಜ್ಯದ ಕಾರ್ಮಿಕ ಪರಿಹಾರದ ವ್ಯವಸ್ಥೆ ನೋಡಿಕೊಳ್ಳುತ್ತದೆ, ಸೈನ್ಯದ ಆಸ್ಪತ್ರೆ ಅಲ್ಲ. ಈ ದಿನಗಳು ಕೇಂದ್ರದ ಪಿಂಚಣಿ ಲೆಕ್ಕಕ್ಕೆ ಸೇರುವುದಿಲ್ಲ.

ಎರಡನೆಯದು 32ನೇ ಶೀರ್ಷಿಕೆ. ಹುಕುಂ ಗವರ್ನರದು, ದುಡ್ಡು ಕೇಂದ್ರದ್ದು. ವಾರಾಂತ್ಯದ ಡ್ರಿಲ್, ವಾರ್ಷಿಕ ಶಿಬಿರ ನಡೆಯುವುದು ಇದರಡಿ. 2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನ ನಿಲ್ದಾಣಗಳ ಕಾವಲು, 2020ರ ಕೋವಿಡ್ ಕೆಲಸ ಇವೂ ಇದರಡಿಯೇ ನಡೆದವು. ರಾಜ್ಯಗಳಿಗೆ ಇದು ಬಲು ಪ್ರಿಯ, ಏಕೆಂದು ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು 10ನೇ ಶೀರ್ಷಿಕೆ. ಹುಕುಂ ಅಧ್ಯಕ್ಷರದು, ದುಡ್ಡೂ ಕೇಂದ್ರದ್ದು. ಇರಾಕಿಗೆ, ಅಫ್ಘಾನಿಸ್ತಾನಕ್ಕೆ ಹೋದವರು ಈ ಕಲಮಿನಡಿ ಹೋದರು. ಈ ಹೊತ್ತಿನಲ್ಲಿ ಗಾರ್ಡಿನವನಿಗೂ ಖಾಯಂ ಸೈನಿಕನಿಗೂ ಕಾನೂನಿನಲ್ಲಿ ವ್ಯತ್ಯಾಸವಿಲ್ಲ.

ಇಲ್ಲಿ ಜನ ಎಡವುವ ಜಾಗ ಒಂದಿದೆ. 1878ರ ಪಾಸಿ ಕಾಮಿಟಾಟಸ್ ಕಾಯ್ದೆ ಸೇನೆಯನ್ನು ಪೊಲೀಸ್ ಕೆಲಸಕ್ಕೆ ಬಳಸುವುದನ್ನು ನಿಷೇಧಿಸುತ್ತದೆ. ಆದರೆ ಅದು ಅನ್ವಯಿಸುವುದು ಮೂರನೇ ಸ್ಥಿತಿಗೆ ಮಾತ್ರ. ಮೊದಲ ಎರಡರಲ್ಲಿ, ರಾಜ್ಯದ ಕಾನೂನು ಒಪ್ಪಿದರೆ, ಗಾರ್ಡಿನವರು ರಸ್ತೆ ತಡೆದು ನಿಲ್ಲಿಸಬಹುದು, ಬಂಧಿಸಬಹುದು. ಕೇಂದ್ರದ ವಶಕ್ಕೆ ಬಂದ ಕೂಡಲೇ ಆ ಅಧಿಕಾರ ಹೋಗುತ್ತದೆ, 1807ರ ದಂಗೆ ಕಾಯ್ದೆಯನ್ನು ಅಧ್ಯಕ್ಷರು ಬಳಸಿದರೆ ಹೊರತು. ಹಾಗಾಗಿ ಬೀದಿ ಶಾಂತಿಯ ಕೆಲಸಕ್ಕೆ ಗಾರ್ಡನ್ನು ಕೇಂದ್ರಕ್ಕೆ ಎಳೆದುಕೊಳ್ಳುವುದು ಬಹಳ ಸಲ ಪಡೆಯ ಕೈ ಕಟ್ಟಿದಂತೆ.

ನೆರೆ ಬಂದಾಗ ಕರೆ ಹೋಗುವ ದಾರಿ ಹೀಗಿದೆ. ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ತುರ್ತು ಅಧಿಕಾರಿ ತನ್ನ ಅಗ್ನಿಶಾಮಕ, ಪೊಲೀಸ್ ಬಲ ಸಾಲದಾದಾಗ ರಾಜ್ಯದ ತುರ್ತು ಕೇಂದ್ರಕ್ಕೆ ಬೇಡಿಕೆ ಕಳಿಸುತ್ತಾನೆ. ಗವರ್ನರ್ ತುರ್ತು ಪರಿಸ್ಥಿತಿ ಘೋಷಿಸಿ ಅಡ್ಜುಟೆಂಟ್ ಜನರಲ್‌ಗೆ ಹೇಳುತ್ತಾರೆ. ಅಡ್ಜುಟೆಂಟ್ ಜನರಲ್ ಎಂದರೆ ರಾಜ್ಯದ ಗಾರ್ಡಿನ ಮುಖ್ಯಸ್ಥ. ಹೆಚ್ಚಿನ ರಾಜ್ಯಗಳಲ್ಲಿ ಗವರ್ನರ್ ನೇಮಕ, ವರ್ಮಾಂಟಿನಲ್ಲಿ ಮಾತ್ರ ಶಾಸಕಾಂಗ ಆರಿಸುತ್ತದೆ. ಬೇಡಿಕೆ ಬರೆಯುವವರು ಮಾಡುವ ಸಾಮಾನ್ಯ ತಪ್ಪು "ಐದು ಟ್ರಕ್ ಕಳಿಸಿ" ಎಂದು ಕೇಳುವುದು. ಕೇಳಬೇಕಾದ ರೀತಿ: "ಇಂಥ ಬಡಾವಣೆಯಲ್ಲಿ ಎದೆಮಟ್ಟ ನೀರಿದೆ, 200 ಜನರನ್ನು ಸಂಜೆಯೊಳಗೆ ಹೊರಗೆ ತರಬೇಕು." ಸೇನೆಯ ಸಾಮಾನ್ಯ ಟ್ರಕ್ಕು ವಿಶೇಷ ಸಲಕರಣೆ ಇಲ್ಲದೆ 30 ಅಂಗುಲದಷ್ಟು ನೀರು ದಾಟಬಲ್ಲದು. ಎದೆಮಟ್ಟ ನೀರಿಗೆ ಐದು ಟ್ರಕ್ ಬಂದರೆ ಐದೂ ದಡದಲ್ಲೇ ನಿಲ್ಲುತ್ತವೆ. ಬೇಕಿದ್ದದ್ದು ದೋಣಿ ಇಲ್ಲವೇ ಹೆಲಿಕಾಪ್ಟರು.

ಒಂದು ರಾಜ್ಯಕ್ಕೆ ಸಾಲದಾದರೆ ನೆರೆರಾಜ್ಯದ ಗಾರ್ಡು ಬರುತ್ತದೆ. ಅದಕ್ಕೆ 1996ರಲ್ಲಿ ಕಾಂಗ್ರೆಸ್ ಅನುಮೋದಿಸಿದ ಅಂತರರಾಜ್ಯ ತುರ್ತು ನೆರವಿನ ಒಪ್ಪಂದವಿದೆ. ಖರ್ಚು ಕರೆಸಿಕೊಂಡ ರಾಜ್ಯದ್ದು. 2005ರ ಕತ್ರೀನಾ ಚಂಡಮಾರುತಕ್ಕೆ ದೇಶದ ಎಲ್ಲ ಕಡೆಯಿಂದ ಸುಮಾರು 50,000 ಗಾರ್ಡಿನವರು ಬಂದದ್ದು ಹೀಗೆ. ಲೂಯಿಸಿಯಾನಾದ ಸ್ವಂತ 256ನೇ ಬ್ರಿಗೇಡ್ ಆ ಹೊತ್ತಿಗೆ ಇರಾಕಿನಲ್ಲಿತ್ತು. ಒಬ್ಬನೇ ಆಳಿಗೆ ಇಬ್ಬರು ಯಜಮಾನರಿದ್ದರೆ ಆಗುವ ನಷ್ಟಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಮರಳಿನ ಚೀಲದ ಲೆಕ್ಕ

ಗಾರ್ಡ್ ಎಂದರೆ ಬಂದೂಕು ಎಂದುಕೊಳ್ಳುವವರು ಅದರ ನೆರೆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಮರಳಿನ ಚೀಲದ ಒಡ್ಡು ಕಟ್ಟುವುದು ಸುಲಭವಾಗಿ ಕಾಣುತ್ತದೆ, ತಪ್ಪುವುದೂ ಅಷ್ಟೇ ಸುಲಭ. ಸಾಮಾನ್ಯವಾಗಿ ಬಳಸುವ ಚೀಲ 14 ಅಂಗುಲ ಅಗಲ, 26 ಅಂಗುಲ ಉದ್ದ. ಅರ್ಧದಿಂದ ಮೂರನೇ ಎರಡು ಭಾಗದವರೆಗೆ ಮಾತ್ರ ತುಂಬಬೇಕು. ಆಗ ತೂಕ 16ರಿಂದ 18 ಕಿಲೋ. ಒಬ್ಬ ಬಾಯಿ ಹಿಡಿಯುತ್ತಾನೆ, ಒಬ್ಬ ಸಲಿಕೆಯಲ್ಲಿ ತುಂಬುತ್ತಾನೆ, ಇನ್ನೊಬ್ಬ ಸಾಗಿಸುತ್ತಾನೆ. ಹುಮ್ಮಸ್ಸಿನಲ್ಲಿ ಬಾಯಿತನಕ ತುಂಬಿ ಬಿಗಿಯಾಗಿ ಕಟ್ಟಿದ ಚೀಲ ದಿಂಬಿನಂತೆ ಉಬ್ಬುತ್ತದೆ. ಎರಡು ಉಬ್ಬಿದ ಚೀಲಗಳ ನಡುವೆ ಸಂದಿ ಉಳಿದು, ನೀರು ಅಲ್ಲಿಂದಲೇ ನುಗ್ಗುತ್ತದೆ. ಸಡಿಲವಾಗಿ ತುಂಬಿದ ಚೀಲದ ಬಾಯಿಯನ್ನು ಕೆಳಕ್ಕೆ ಮಡಚಿ, ಮಲಗಿಸಿ, ಮೇಲೆ ನಿಂತು ತುಳಿದರೆ ಅದು ಚಪ್ಪಟೆಯಾಗಿ ಪಕ್ಕದ ಚೀಲಕ್ಕೆ ಅಂಟಿಕೊಳ್ಳುತ್ತದೆ.

ಮೇಲಿನ ಸಾಲು ಕೆಳಗಿನ ಎರಡು ಚೀಲಗಳ ಸಂದಿಯ ಮೇಲೆ ಕೂರಬೇಕು, ಗಾರೆ ಕೆಲಸದವರು ಇಟ್ಟಿಗೆ ಇಡುವ ಹಾಗೆ. ಬುಡದ ಅಗಲ ಎತ್ತರದ ಮೂರರಷ್ಟು. ನೂರು ಅಡಿ ಉದ್ದ, ಒಂದು ಅಡಿ ಎತ್ತರಕ್ಕೆ 600ರ ಆಸುಪಾಸು ಚೀಲ ಬೇಕು. ಎತ್ತರ ಮೂರು ಅಡಿಯಾದರೆ ಬುಡವೂ ಹಿಗ್ಗುವುದರಿಂದ ಲೆಕ್ಕ 3,000 ದಾಟುತ್ತದೆ. ಅಂದರೆ 50 ಟನ್ನಿಗೂ ಹೆಚ್ಚು ಮರಳು, ಅದೂ ಮಳೆಯಲ್ಲಿ, ಕೈಯಿಂದ ಕೈಗೆ. ನೀರಿನ ಕಡೆಯ ಮುಖಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸುವಾಗ ಸಡಿಲ ಬಿಡಬೇಕು; ಬಿಗಿಯಾಗಿ ಎಳೆದು ಹಾಸಿದರೆ ನೀರಿನ ಒತ್ತಡಕ್ಕೆ ಹರಿಯುತ್ತದೆ.

ಎಲ್ಲಕ್ಕಿಂತ ಅಪಾಯದ ತಪ್ಪು ಏರಿಯ ಹಿಂಬದಿಯಲ್ಲಿ ಆಗುತ್ತದೆ. ಏರಿಯ ಅಡಿಯಿಂದ ನುಸುಳಿದ ನೀರು ಒಣ ಬದಿಯಲ್ಲಿ ಮರಳನ್ನು ಎತ್ತಿಕೊಂಡು ಕುದಿಯುವಂತೆ ಉಕ್ಕುತ್ತದೆ. ನೋಡಿದವರಿಗೆ ಮೊದಲು ಹೊಳೆಯುವುದು ಅದರ ಬಾಯಿಗೆ ಚೀಲ ಜಡಿಯುವುದು. ಜಡಿದರೆ ಒತ್ತಡ ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ಮಾಡಬೇಕಾದ್ದು ಅದರ ಸುತ್ತ ಚೀಲಗಳ ಉಂಗುರ ಕಟ್ಟಿ ಒಳಗೆ ನೀರು ನಿಲ್ಲಲು ಬಿಡುವುದು. ನಿಂತ ನೀರಿನ ಭಾರ ಕೆಳಗಿನ ಒತ್ತಡವನ್ನು ತಗ್ಗಿಸುತ್ತದೆ. ಹರಿಯುವ ನೀರು ತಿಳಿಯಾದರೆ ಏರಿಯ ಮಣ್ಣು ಕೊಚ್ಚಿಹೋಗುವುದು ನಿಂತಿದೆ ಎಂದರ್ಥ. ಅಲ್ಲಿಗೆ ಉಂಗುರ ಎತ್ತರಿಸುವುದು ಸಾಕು.

ಎಲ್ಲಿ ಕೆಟ್ಟಿತು, ಏಕೆ

1970ರ ಮೇ 4ರಂದು ಒಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧವಿರೋಧಿ ವಿದ್ಯಾರ್ಥಿಗಳ ಮೇಲೆ ರಾಜ್ಯದ ಗಾರ್ಡು 13 ಸೆಕೆಂಡುಗಳಲ್ಲಿ 60ಕ್ಕೂ ಹೆಚ್ಚು ಗುಂಡು ಹಾರಿಸಿತು. ನಾಲ್ವರು ಸತ್ತರು, ಒಂಬತ್ತು ಮಂದಿ ಗಾಯಗೊಂಡರು. ಆ ಸೈನಿಕರನ್ನು ಟ್ರಕ್ ಚಾಲಕರ ಮುಷ್ಕರದ ಕಾವಲಿನಿಂದ ನೇರವಾಗಿ ಅಲ್ಲಿಗೆ ತಂದಿದ್ದರು, ದಣಿದಿದ್ದರು. ಕೈಯಲ್ಲಿ ಎರಡನೇ ಮಹಾಯುದ್ಧದ ಕಾಲದ ಎಂ-1 ರೈಫಲ್, ಅದರಲ್ಲಿ ಜೀವಂತ ಗುಂಡು. ಅಶ್ರುವಾಯು ಗಾಳಿಗೆ ಚದುರಿತು. ಅದಾದ ಮೇಲೆ ಬಯೊನೆಟ್ಟಿಗೂ ಗುಂಡಿಗೂ ನಡುವೆ ಅವರ ಬಳಿ ಬೇರೆ ಸಾಧನವೇ ಇರಲಿಲ್ಲ. ಮುಖಕವಚ, ಗುರಾಣಿ, ಉದ್ದ ಲಾಠಿ, ಗುಂಪು ನಿಯಂತ್ರಣದ ಪ್ರತ್ಯೇಕ ತರಬೇತಿ ಗಾರ್ಡಿನಲ್ಲಿ ಗಟ್ಟಿಯಾಗಿ ಬೇರೂರಿದ್ದು ಇದರ ಬಳಿಕ. ನಾಲ್ಕು ಎಳೆಯ ಜೀವಗಳ ಬೆಲೆ ತೆತ್ತು ಕಲಿತದ್ದನ್ನು ಯಾವ ರಾಜ್ಯವೂ ಮರೆಯಬಾರದು.

1992ರ ಲಾಸ್ ಏಂಜಲೀಸ್ ಗಲಭೆ ಬೇರೆ ಬಗೆಯ ಪಾಠ. ಏಪ್ರಿಲ್ 29ರ ರಾತ್ರಿ ಗವರ್ನರ್ ಪೀಟ್ ವಿಲ್ಸನ್ ಗಾರ್ಡನ್ನು ಕರೆದರು. ಜನ ಬೇಗ ಸೇರಿದರು, ಆದರೆ ಮದ್ದುಗುಂಡು ದೂರದ ಕ್ಯಾಂಪ್ ರಾಬರ್ಟ್ಸ್‌ನಿಂದ ಬರುವುದು ತಡವಾಗಿ, ಪಡೆ ಶಸ್ತ್ರಾಗಾರಗಳಲ್ಲೇ ಕಾದು ಕೂತಿತು. ಮೇ 1ರಂದು ಅಧ್ಯಕ್ಷರು ಗಾರ್ಡನ್ನು ಕೇಂದ್ರದ ವಶಕ್ಕೆ ತೆಗೆದುಕೊಂಡರು. ಅಲ್ಲಿಯತನಕ ಪೊಲೀಸರು ಕೇಳಿದ ಕೆಲಸಕ್ಕೆ ಗಾರ್ಡು ಕೂಡಲೇ ಹೋಗುತ್ತಿತ್ತು. ಆಮೇಲೆ ಪ್ರತಿ ಕೋರಿಕೆಯೂ "ಇದು ಸೈನಿಕ ಕೆಲಸವೇ, ಪೊಲೀಸ್ ಕೆಲಸವೇ" ಎಂಬ ಜರಡಿಗೆ ಬಿದ್ದು ಹೆಚ್ಚಿನವು ತಿರಸ್ಕೃತವಾದವು. ದಂಗೆ ಕಾಯ್ದೆ ಜಾರಿಯಲ್ಲಿದ್ದುದರಿಂದ ಆ ಜರಡಿ ಕಾನೂನಿನ ಪ್ರಕಾರ ಬೇಕಾಗಿಯೇ ಇರಲಿಲ್ಲ.

ಅದೇ ದಿನಗಳಲ್ಲಿ ಕಾಂಪ್ಟನ್‌ನಲ್ಲಿ ಒಂದು ಮನೆಗೆ ಪೊಲೀಸರೂ ಮರೀನ್ ಸೈನಿಕರೂ ಜೊತೆಯಾಗಿ ಹೋದರು. ಒಳಗಿನಿಂದ ಗುಂಡು ಹಾರಿದಾಗ ಪೊಲೀಸನೊಬ್ಬ "ಕವರ್ ಮಿ" ಎಂದು ಕೂಗಿದ. ಪೊಲೀಸರ ಭಾಷೆಯಲ್ಲಿ ಅದರ ಅರ್ಥ: ಬಂದೂಕು ಗುರಿಯಿಟ್ಟು ಸಿದ್ಧವಾಗಿ ನಿಲ್ಲು. ಮರೀನರ ಭಾಷೆಯಲ್ಲಿ: ನಾನು ಮುಂದೆ ಸರಿಯುವ ತನಕ ಗುಂಡು ಸುರಿಸುತ್ತಿರು. 200ಕ್ಕೂ ಹೆಚ್ಚು ಗುಂಡುಗಳು ಆ ಮನೆಯ ಮೇಲೆ ಬಿದ್ದವು. ಒಳಗೆ ಮಕ್ಕಳಿದ್ದರು. ಯಾರೂ ಸಾಯಲಿಲ್ಲ ಎನ್ನುವುದೊಂದೇ ಸಮಾಧಾನ. ಎರಡು ಪಡೆಗಳು ಒಟ್ಟಿಗೆ ಹೊರಡುವ ಮೊದಲು ಪದಗಳ ಅರ್ಥವನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕೆಂದು ಇಂದಿಗೂ ಈ ಘಟನೆ ತೋರಿಸಿ ಕಲಿಸುತ್ತಾರೆ.

ಸದ್ದಿಲ್ಲದೆ ಆಗುವ ಅನ್ಯಾಯವೂ ಇದೆ. ಕೆಲವು ಸೌಲಭ್ಯಗಳು ಸಿಗಲು ಇಂತಿಷ್ಟು ದಿನ ಕೇಂದ್ರದ ದುಡ್ಡಿನ ಕರ್ತವ್ಯದಲ್ಲಿರಬೇಕು; ಶಿಕ್ಷಣ ನೆರವು ಮತ್ತು ಬೇಗ ಪಿಂಚಣಿಗೆ ಅದು 90 ದಿನ. 2020ರಲ್ಲಿ ಕೋವಿಡ್ ಕೆಲಸದಲ್ಲಿದ್ದ ಸಾವಿರಾರು ಮಂದಿಯ ಆದೇಶ 89ನೇ ದಿನಕ್ಕೆ ಮುಗಿಯುವಂತಿತ್ತು. ಟೀಕೆ ಬಂದ ಮೇಲೆ ವಿಸ್ತರಿಸಿದರು. ಆದೇಶ ಪತ್ರದ ಕೊನೆಯ ದಿನಾಂಕವನ್ನು ಗಾರ್ಡಿನ ಹಳಬರು ಮೊದಲು ಓದುವುದು ಇದಕ್ಕೇ.

ಗಾರ್ಡು ಹೊರಟುಹೋದರೆ ಮನೆ ಕಾಯುವವರು

1940ರಲ್ಲಿ ಗಾರ್ಡು ಕೇಂದ್ರದ ಸೇವೆಗೆ ಹೊರಟಾಗ ರಾಜ್ಯಗಳ ಕೈ ಖಾಲಿಯಾಯಿತು. ಸೇತುವೆ, ಕಾರ್ಖಾನೆ ಕಾಯಲು ರಾಜ್ಯಗಳು ತಮ್ಮದೇ ಸ್ಟೇಟ್ ಗಾರ್ಡ್ ಕಟ್ಟಿಕೊಳ್ಳಲು ಕಾಂಗ್ರೆಸ್ ಒಪ್ಪಿತು. ಅವುಗಳ ವಂಶದವೇ ಇಂದಿನ ರಾಜ್ಯ ರಕ್ಷಣಾ ಪಡೆಗಳು. ಟೆಕ್ಸಾಸ್ ಸ್ಟೇಟ್ ಗಾರ್ಡ್, ನ್ಯೂಯಾರ್ಕ್ ಗಾರ್ಡ್, ವರ್ಜಿನಿಯಾ ಡಿಫೆನ್ಸ್ ಫೋರ್ಸ್, ಕ್ಯಾಲಿಫೋರ್ನಿಯಾ ಸ್ಟೇಟ್ ಗಾರ್ಡ್ ಸೇರಿ ಸುಮಾರು 20 ರಾಜ್ಯಗಳಲ್ಲಿ ಇವೆ. 1947ರಲ್ಲಿ ಮುಚ್ಚಿದ್ದ ಫ್ಲಾರಿಡಾದ ಪಡೆ 2022ರಲ್ಲಿ ಮತ್ತೆ ತೆರೆಯಿತು. 32ನೇ ಶೀರ್ಷಿಕೆಯ 109ನೇ ಕಲಮಿನ ಪ್ರಕಾರ ಈ ಪಡೆಯನ್ನು ಕೇಂದ್ರ ತನ್ನ ವಶಕ್ಕೆ ಕರೆಯುವಂತಿಲ್ಲ. ನಿಜವಾದ ಅರ್ಥದಲ್ಲಿ ರಾಜ್ಯದ ಮಿಲಿಷಿಯಾ ಎಂದರೆ ಇದೇ. ಇಲ್ಲಿ ಬಹುಪಾಲು ಜನ ಸ್ವಯಂಸೇವಕರು. ತರಬೇತಿ ದಿನಗಳಿಗೆ ಸಂಬಳವಿಲ್ಲ, ಸಮವಸ್ತ್ರ ಕೂಡ ಹಲವು ಕಡೆ ಸ್ವಂತ ಖರ್ಚು. ನಿವೃತ್ತ ಸೈನಿಕರು, ವೈದ್ಯರು, ವಕೀಲರು, ಹ್ಯಾಮ್ ರೇಡಿಯೊ ಬಲ್ಲವರು ಸೇರುತ್ತಾರೆ. ನಿರಾಶ್ರಿತರ ಶಿಬಿರ ನಡೆಸುವುದು, ಕಳೆದುಹೋದವರನ್ನು ಹುಡುಕುವುದು, ಮೊಬೈಲ್ ಗೋಪುರ ಬಿದ್ದಾಗ ರೇಡಿಯೊ ಸಂಪರ್ಕ ಕಟ್ಟಿಕೊಡುವುದು ಅವರ ಕೆಲಸ. ತೊಂದರೆಯೂ ಇದೆ: ಹಣ ಕಡಿಮೆ, ತರಬೇತಿಯ ಮಟ್ಟ ರಾಜ್ಯದಿಂದ ರಾಜ್ಯಕ್ಕೆ ಏರುಪೇರು.

ಎಲ್ಲಕ್ಕೂ ಹೊರತಾದದ್ದು ವಾಷಿಂಗ್ಟನ್ ಡಿ.ಸಿ.ಯ ಗಾರ್ಡು. ಅಲ್ಲಿ ಗವರ್ನರ್ ಇಲ್ಲ, ಹುಕುಂ ಯಾವಾಗಲೂ ಅಧ್ಯಕ್ಷರದೇ. ನಗರದ ಮೇಯರ್ ಕೋರಬಹುದು, ಆಜ್ಞಾಪಿಸುವಂತಿಲ್ಲ.

ಹಳೆಯ ಜಗಳ 2025ರಲ್ಲಿ ಮತ್ತೆ ಎದ್ದಿತು. ಜೂನ್ 7ರಂದು ಅಧ್ಯಕ್ಷ ಟ್ರಂಪ್, ವಲಸೆ ಇಲಾಖೆಯ ಕಾರ್ಯಾಚರಣೆಗಳ ವಿರುದ್ಧ ಪ್ರತಿಭಟನೆ ನಡೆಯುತ್ತಿದ್ದ ಲಾಸ್ ಏಂಜಲೀಸ್‌ಗೆಂದು ಕ್ಯಾಲಿಫೋರ್ನಿಯಾ ಗಾರ್ಡನ್ನು ಗವರ್ನರ್ ಗ್ಯಾವಿನ್ ನ್ಯೂಸಮ್ ಬೇಡವೆಂದರೂ ಕೇಂದ್ರದ ವಶಕ್ಕೆ ತೆಗೆದುಕೊಂಡರು. ಗವರ್ನರ್ ಕೋರಿಕೆ ಇಲ್ಲದೆ ಹೀಗಾದದ್ದು ಕಪ್ಪುವರ್ಣೀಯರ ಮತದಾನದ ಹಕ್ಕಿಗಾಗಿ ನಡೆದ 1965ರ ಸೆಲ್ಮಾ ಪಾದಯಾತ್ರೆಯ ನಂತರ ಇದೇ ಮೊದಲು. ಬಳಸಿದ್ದು ದಂಗೆ ಕಾಯ್ದೆಯನ್ನಲ್ಲ, 10ನೇ ಶೀರ್ಷಿಕೆಯ 12406ನೇ ಕಲಮನ್ನು. ಅದರಲ್ಲಿ ಷರತ್ತು ಮೂರು: ಪರಕೀಯರ ದಾಳಿ, ಬಂಡಾಯ, ಇಲ್ಲವೇ 'ರೆಗ್ಯುಲರ್ ಫೋರ್ಸಸ್' ಬಳಸಿಯೂ ಕಾನೂನು ಜಾರಿ ಮಾಡಲಾಗದ ಸ್ಥಿತಿ. ಆದೇಶ ಗವರ್ನರ್ ಮೂಲಕ ಹೊರಡಬೇಕು ಎಂಬ ಸಾಲೂ ಇದೆ. ಕ್ಯಾಲಿಫೋರ್ನಿಯಾ, ಆರಿಗನ್, ಇಲಿನಾಯ್ ಕೋರ್ಟಿಗೆ ಹೋದವು. ಇಲಿನಾಯ್‌ನ ಷಿಕಾಗೊ ನಗರದ ಪ್ರಕರಣದಲ್ಲಿ ಡಿಸೆಂಬರ್ 23ರಂದು ಸುಪ್ರೀಂ ಕೋರ್ಟ್ ಕೇಂದ್ರದ ತುರ್ತು ಮನವಿಯನ್ನು ತಳ್ಳಿಹಾಕಿತು. 'ರೆಗ್ಯುಲರ್ ಫೋರ್ಸಸ್' ಎಂದರೆ ಬಹುಶಃ ಖಾಯಂ ಸೇನೆ ಎಂದೇ ಅರ್ಥ, ವಲಸೆ ಇಲಾಖೆಯ ಅಧಿಕಾರಿಗಳಲ್ಲ ಎನ್ನುವುದು ಅದರ ಓದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಿಲಿಷಿಯಾ ಕಾಯ್ದೆಗೆ ಸೇರಿದ ಎರಡು ಪದಗಳು ನೂರು ವರ್ಷ ದಾಟಿ ಒಂದು ನಗರದ ಬೀದಿಯನ್ನು ನಿರ್ಧರಿಸಿದವು.

ಸೇರಬೇಕೆನ್ನುವವರಿಗೆ

ಅಮೆರಿಕದಲ್ಲಿರುವ ಕನ್ನಡ ಮನೆಗಳಲ್ಲಿ ಬೆಳೆದ ಮಕ್ಕಳು ಕಾಲೇಜು ಶುಲ್ಕದ ನೆರವಿಗಾಗಿ ಗಾರ್ಡಿನತ್ತ ನೋಡುವುದಾದರೆ ತಿಳಿದಿರಬೇಕಾದ್ದು ಕೆಲವು. ಪೌರತ್ವ ಇಲ್ಲವೇ ಗ್ರೀನ್ ಕಾರ್ಡ್ ಬೇಕು. ಎಚ್-1ಬಿ, ಎಫ್-1 ವೀಸಾ ಸಾಲದು. ಅಧಿಕಾರಿ ಹುದ್ದೆಗೆ ಪೌರತ್ವವೇ ಬೇಕು. ಮೊದಲ ಒಪ್ಪಂದದ ಒಟ್ಟು ಬಾಧ್ಯತೆ 8 ವರ್ಷ; ಅದರಲ್ಲಿ ಎಷ್ಟು ವರ್ಷ ಡ್ರಿಲ್ಲಿಗೆ ಹೋಗಬೇಕು, ಎಷ್ಟು ವರ್ಷ ಹೆಸರಷ್ಟೇ ಪಟ್ಟಿಯಲ್ಲಿರುತ್ತದೆ ಎನ್ನುವುದನ್ನು ಸಹಿಗೆ ಮೊದಲು ಕಾಗದದಲ್ಲೇ ನೋಡಬೇಕು. "ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ" ಎನ್ನುವುದು ಶಾಂತಿಕಾಲದ ಕನಿಷ್ಠ ಮಾತ್ರ. ಶುಲ್ಕ ವಿನಾಯಿತಿ ಬಹುಪಾಲು ರಾಜ್ಯದ ಕಾನೂನಿನದು, ಒಂದು ರಾಜ್ಯದಲ್ಲಿ ಪೂರ್ತಿ ಸಿಕ್ಕಿದ್ದು ಪಕ್ಕದ ರಾಜ್ಯದಲ್ಲಿ ಸಿಗದೇ ಹೋಗಬಹುದು.

ಉದ್ಯೋಗದಲ್ಲಿದ್ದವರಿಗೆ 1994ರ ಫೆಡರಲ್ ಕಾಯ್ದೆಯ ರಕ್ಷಣೆ ಇದೆ: ಸೇವೆಗೆ ಹೋಗುವ ಮುನ್ನ ಮಾಲೀಕರಿಗೆ ತಿಳಿಸಿದ್ದು, ಒಬ್ಬರೇ ಮಾಲೀಕರ ಬಳಿ ಇಂಥ ಗೈರು ಒಟ್ಟು 5 ವರ್ಷ ಮೀರದಿದ್ದರೆ, ಮರಳಿದಾಗ ಕೆಲಸ ಕೊಡಲೇಬೇಕು. ಕೆಲವು ಬಗೆಯ ಸೇವೆ ಈ 5 ವರ್ಷದ ಲೆಕ್ಕಕ್ಕೆ ಬರುವುದಿಲ್ಲ. ರಾಜ್ಯ ಕರ್ತವ್ಯಕ್ಕೆ ಬಹುಕಾಲ ಈ ರಕ್ಷಣೆ ಇರಲಿಲ್ಲ. 2021ರ ಜನವರಿಯಿಂದ 14 ದಿನ ಅಥವಾ ಅದಕ್ಕಿಂತ ಹೆಚ್ಚಿನ ರಾಜ್ಯ ಕರ್ತವ್ಯಕ್ಕೂ, ರಾಷ್ಟ್ರೀಯ ತುರ್ತು ಅಥವಾ ಘೋಷಿತ ಮಹಾ ವಿಪತ್ತಿನ ಕರ್ತವ್ಯಕ್ಕೂ ಅದು ವಿಸ್ತರಿಸಿದೆ. ಹತ್ತು ದಿನದ ಸಣ್ಣ ನೆರೆ ಕೆಲಸಕ್ಕೆ ಆಯಾ ರಾಜ್ಯದ ಕಾನೂನನ್ನೇ ನೋಡಬೇಕು. ತಿಳಿಸುವುದನ್ನು ಬಾಯಿಮಾತಿನಲ್ಲೂ ಮಾಡಬಹುದು, ಆದರೆ ಇಮೇಲ್ ಕಳಿಸಿ ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು.

ಕೊನೆಗೆ ಬಲಗೈ ಎತ್ತಿ ಪ್ರಮಾಣ ಮಾಡಬೇಕು. ಖಾಯಂ ಸೇನೆಗೆ ಸೇರುವವನು ಅಮೆರಿಕದ ಸಂವಿಧಾನವನ್ನು ಕಾಪಾಡುವುದಾಗಿ, ಅಧ್ಯಕ್ಷರ ಆಜ್ಞೆ ಪಾಲಿಸುವುದಾಗಿ ಹೇಳುತ್ತಾನೆ. ಗಾರ್ಡಿಗೆ ಸೇರುವವನು ಅಮೆರಿಕದ ಸಂವಿಧಾನದ ಜೊತೆಗೆ ತನ್ನ ರಾಜ್ಯದ ಸಂವಿಧಾನವನ್ನೂ ಹೆಸರಿಸಿ, ಅಧ್ಯಕ್ಷರ ಮತ್ತು ತನ್ನ ರಾಜ್ಯದ ಗವರ್ನರ್ ಅವರ ಆಜ್ಞೆಗಳನ್ನು ಪಾಲಿಸುತ್ತೇನೆ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಆ ಇಬ್ಬರ ಆಜ್ಞೆ ಒಂದಕ್ಕೊಂದು ಎದುರಾದರೆ ಏನು ಮಾಡಬೇಕೆಂದು ಪ್ರಮಾಣ ವಚನದಲ್ಲಿ ಬರೆದಿಲ್ಲ.